ಮಾತು ಬಂತಾ ಅಂತ ಕೇಳುವವರಿಗೆ

ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ. 'ಮಾತು ಬಂತಾ?' ಅದೇ ಹೊತ್ತಿಗೆ ತಂಗಿಯ ಮಗನಿಗೂ ಸ್ಪೀಚ್ ಥೆರಪಿ ನಡೆಯುತ್ತಿತ್ತು. ಅವನನ್ನು ಕಂಡವರು ತಂಗಿಯನ್ನು ಪಕ್ಕಕ್ಕೆ ಕರೆದು ಅದನ್ನೇ ಕೇಳುತ್ತಿದ್ದರು. 'ಇವನಿಗೆ ಇನ್ನೂ ಮಾತು ಬಂದಿಲ್ವಾ?' ಅಜ್ಜನಿಗೆ ಅರವತ್ತು ದಾಟಿದೆ, ಮೊಮ್ಮಗನಿಗೆ ಆಗಷ್ಟೇ ಎರಡು ತುಂಬಿದೆ. ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಏನು ಉತ್ತರ ಕೊಡಬೇಕು ಅಂತ ನನಗೆ ಯಾವತ್ತೂ ತೋಚುತ್ತಿರಲಿಲ್ಲ. 'ಇಲ್ಲ' ಅಂದರೆ ಸುಳ್ಳು. ಅಪ್ಪ ತಮಗೆ ಬೇಕಾದ್ದನ್ನು ಹೇಗೋ ತಿಳಿಸುತ್ತಿದ್ದರು. ಕೋಪ ಬಂದರೆ ತೋರಿಸುತ್ತಿದ್ದರು. ಯಾರಾದರೂ ತಮಾಷೆ ಮಾಡಿದರೆ ಸರಿಯಾದ ಜಾಗದಲ್ಲೇ ನಗುತ್ತಿದ್ದರು. 'ಬಂತು' ಅಂದರೆ ಅದೂ ಸುಳ್ಳು.

ಇನ್ನೊಂದು ವಿಷಯ. 'ನೀರು ಕುಡೀತಾರಾ?' ಅಂತ ಒಬ್ಬರೂ ಕೇಳಲಿಲ್ಲ. ಮೊದಲ ದಿನಗಳಲ್ಲಿ ನಮ್ಮ ತಲೆಯಲ್ಲಿ ಇದ್ದದ್ದು ಅದೊಂದೇ. ಸ್ಪೀಚ್ ಥೆರಪಿ ಅಂದರೆ ಉಚ್ಚಾರ ತಿದ್ದುವುದು, ನಾಲಿಗೆಗೆ ವ್ಯಾಯಾಮ ಮಾಡಿಸುವುದು ಅಂತ ತಿಳಿದವರೇ ಜಾಸ್ತಿ. ಅಜ್ಜ, ಮೊಮ್ಮಗ ಇಬ್ಬರ ಪಕ್ಕದಲ್ಲೂ ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಆ ಕೆಲಸದ ಗುರಿ ಮಾತಿಗಿಂತ ದೊಡ್ಡದು. ಒಬ್ಬರು ನಾಲ್ಕು ಜನರ ನಡುವೆ ಕೂತು, ಅವರ ಜೊತೆ ಉಂಡು, ಅನ್ನಿಸಿದ್ದನ್ನು ತಿಳಿಸಿ, ತಮ್ಮ ವಿಷಯದ ತೀರ್ಮಾನಗಳಲ್ಲಿ ತಾವೂ ಇರಬೇಕು. ಅದಕ್ಕೆ ಇರುವ ದಾರಿಗಳಲ್ಲಿ ಮಾತೂ ಒಂದು, ಅಷ್ಟೇ.

ಮೊದಲು ಒಂದು ಚಮಚ ನೀರು

ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಬರುತ್ತಾರೆ ಅಂದಾಗ ಅಮ್ಮ ಹಾಸಿಗೆ ಪಕ್ಕದಲ್ಲಿ ಪೆನ್ನು, ಪುಸ್ತಕ ಎಲ್ಲ ಜೋಡಿಸಿಟ್ಟಿದ್ದಳು. ಬಂದವರು ಪುಸ್ತಕ ಮುಟ್ಟಲಿಲ್ಲ. ಹಾಸಿಗೆಯ ತಲೆಭಾಗ ಎತ್ತಿಸಿ ಅಪ್ಪನನ್ನು ನೆಟ್ಟಗೆ ಕೂರಿಸಿದರು. ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದರು. ಒಣಗಿದ ನಾಲಿಗೆಯನ್ನು, ಒಸಡನ್ನು ಒದ್ದೆ ಮಾಡಿ ಒರೆಸಿದರು. ನಾಲಿಗೆ ಚಾಚಿ ಅಂದರು, ಕೆಮ್ಮಿ ಅಂದರು. ಹೇಳಿದ್ದು ಅಪ್ಪನಿಗೆ ತಲುಪದೆ ಹೋದರೆ ಅಂತ ಪ್ರತಿಯೊಂದನ್ನೂ ತಾವೇ ಮೊದಲು ಮಾಡಿ ತೋರಿಸಿದರು. ಆಮೇಲೆ ಎರಡು ಬೆರಳನ್ನು ಅಪ್ಪನ ಗಂಟಲ ಮೇಲೆ ಮೆಲ್ಲಗೆ ಇಟ್ಟು ಒಂದು ಚಮಚ ನೀರು ಕೊಟ್ಟರು. 'ನುಂಗಿ ಸರ್.' ಗಂಟಲ ಉಬ್ಬು ಮೇಲೆದ್ದು ಇಳಿಯುವುದನ್ನು ಬೆರಳಿನಲ್ಲೇ ಲೆಕ್ಕ ಹಾಕಿದರು. ತಕ್ಷಣವೇ 'ಆ... ಅನ್ನಿ' ಅಂದರು. ಅಪ್ಪನ 'ಆ' ಗೊರಗೊರ ಅಂತ ಬಂತು.

'ಕೇಳಿದ್ರಾ, ದನಿ ಒದ್ದೆ ಆಯ್ತು' ಅಂತ ನಮ್ಮ ಕಡೆ ತಿರುಗಿದರು. 'ನೀರು ಪೂರ್ತಿ ಕೆಳಗೆ ಇಳಿದಿಲ್ಲ. ಧ್ವನಿ ತಂತುಗಳ ಹತ್ತಿರವೇ ಉಳಿದಿರೋ ಹಾಗಿದೆ. ಆದ್ರೂ ಕೆಮ್ಮು ಬರಲಿಲ್ಲ ನೋಡಿ. ನನಗೆ ಅದೇ ಜಾಸ್ತಿ ಚಿಂತೆ.'

'ಮಾತು ಯಾವಾಗ ಬರುತ್ತೆ ಮೇಡಂ?' ಅಂತ ಅಮ್ಮ ಕೇಳಿದಳು.

'ಅದನ್ನೂ ನೋಡೋಣ ಅಮ್ಮಾ. ಮೊದಲು ಶ್ವಾಸಕೋಶ ಕಾಪಾಡಿಕೊಳ್ಳೋಣ' ಅಂದರು.

ನುಂಗುವುದನ್ನು ನಾವು ಒಂದು ಕೆಲಸ ಅಂತಲೇ ಎಣಿಸುವುದಿಲ್ಲ. ದಿನಕ್ಕೆ ನೂರಾರು ಸಲ ನುಂಗುತ್ತೇವೆ, ನಿದ್ದೆಯಲ್ಲೂ ಎಂಜಲು ನುಂಗುತ್ತೇವೆ. ಆದರೆ ಗಂಟಲು ಅನ್ನುವುದು ಎರಡು ದಾರಿ ಕೂಡುವ ಜಾಗ. ಗಾಳಿ ಮುಂದಿನ ಶ್ವಾಸನಾಳಕ್ಕೆ ಹೋಗಬೇಕು, ಊಟ ನೀರು ಹಿಂದಿನ ಅನ್ನನಾಳಕ್ಕೆ ಹೋಗಬೇಕು. ತುತ್ತು ಗಂಟಲಿಗೆ ಬಂದ ಕೂಡಲೇ ಉಸಿರು ತಾನಾಗಿ ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಎಪಿಗ್ಲಾಟಿಸ್ ಅನ್ನುವ ಎಲೆಯಾಕಾರದ ಮೃದ್ವಸ್ಥಿ ಅದರ ಮೇಲೆ ಬಾಗುತ್ತದೆ. ಧ್ವನಿ ತಂತುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲಿನಲ್ಲಿ ನಡೆಯುವ ಇಷ್ಟೂ ಕೆಲಸ ಮುಗಿಯುವುದು ಸುಮಾರು 1 ಸೆಕೆಂಡಿನಲ್ಲಿ. ಇದಕ್ಕೆ 25ಕ್ಕೂ ಹೆಚ್ಚು ಜೋಡಿ ಸ್ನಾಯುಗಳು ಹೊಂದಿಕೊಂಡು ದುಡಿಯಬೇಕು. ಮಿದುಳಿನಿಂದ ನೇರ ಹೊರಡುವ 12 ಜೋಡಿ ನರಗಳಲ್ಲಿ 5 ಜೋಡಿ ಇದರಲ್ಲಿ ತೊಡಗುತ್ತವೆ. ಈಗ ನೋಡಿ, ಅದೇ ತುಟಿ, ಅದೇ ನಾಲಿಗೆ, ಅದೇ ಅಂಗುಳ, ಅದೇ ಧ್ವನಿ ತಂತುಗಳು ಮಾತಿಗೂ ಬೇಕು. ನುಂಗುವ ತೊಂದರೆಯನ್ನು ಸ್ಪೀಚ್ ಥೆರಪಿಸ್ಟೇ ಏಕೆ ನೋಡುತ್ತಾರೆ ಅನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಭಾಷೆಯ ತೊಂದರೆ, ಅಂದರೆ ಅಫೇಸಿಯಾ, ಸುಮಾರು ಮೂರರಲ್ಲಿ ಒಬ್ಬರಿಗೆ. ಅಪ್ಪನಿಗೆ ಎರಡೂ ಇದ್ದವು.

ನಮಗೆ ನೀರು ನೆತ್ತಿಗೆ ಹತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತೇವೆ. ಆ ಕೆಮ್ಮೇ ನಮ್ಮನ್ನು ಕಾಯುವುದು. ಸ್ಟ್ರೋಕಿನಿಂದ ಗಂಟಲಿನ ಸ್ಪರ್ಶ ಮಂದವಾದರೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಆರಾಮಾಗಿ ಕುಡಿದ ಹಾಗೇ ಕಾಣುತ್ತದೆ. ಒಂದೆರಡು ದಿನ ಬಿಟ್ಟು ಜ್ವರ ಬರುತ್ತದೆ, ನೋಡಿದರೆ ನ್ಯುಮೋನಿಯಾ. ಹಾಗಾಗಿ ಹಾಸಿಗೆ ಪಕ್ಕದ ಪರೀಕ್ಷೆ ಸಾಲದಿದ್ದಾಗ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಅನ್ನುವ ವಸ್ತು ಬೆರೆಸಿದ್ದನ್ನು ನುಂಗಿಸುತ್ತಾ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಅಪ್ಪನಿಗೆ ವಿಡಿಯೋ ಮಾಡಿದರು. ನಾಲಿಗೆಯ ಮೇಲಿನ ಕಪ್ಪು ಹನಿ ಹಿಂದಕ್ಕೆ ಜಾರಿತು. ಗಂಟಲು ಇನ್ನೂ ಮುಚ್ಚಿಕೊಂಡಿರಲಿಲ್ಲ. ಅಷ್ಟರಲ್ಲೇ ಕೂದಲೆಳೆಯಷ್ಟು ತೆಳು ಗೆರೆಯೊಂದು ಮುಂದಿನ ದಾರಿಗೆ ಇಳಿದು ಹೋಯಿತು. ಅಪ್ಪನ ಮುಖದಲ್ಲಿ ಏನೂ ಬದಲಾವಣೆ ಇಲ್ಲ. ಗಂಟಲು ಅಲುಗಲೂ ಇಲ್ಲ. ಥೆರಪಿಸ್ಟ್ ಅದನ್ನು ನಿಧಾನ ಮಾಡಿ ನಮಗೆ ಮತ್ತೆ ತೋರಿಸಿದರು. ಯಾಕೆ ನೀರು ಬೇಡ ಅನ್ನುತ್ತಿದ್ದಾರೆ ಅಂತ ಅಮ್ಮನಿಗೆ ಮನದಟ್ಟಾದದ್ದು ಆಗಲೇ.

ಎಲ್ಲರೂ ನೀರು ಸುಲಭ, ಊಟ ಕಷ್ಟ ಅಂದುಕೊಳ್ಳುತ್ತಾರೆ. ನಿಜಕ್ಕೂ ತೆಳ್ಳಗಿನ ನೀರೇ ಎಲ್ಲಕ್ಕಿಂತ ಕಷ್ಟ. ಅದು ಓಡುತ್ತದೆ. ಗಂಟಲು ಮುಚ್ಚಿಕೊಳ್ಳುವುದು ಅರೆಕ್ಷಣ ತಡವಾದರೂ ಅದು ಕಾಯುವುದಿಲ್ಲ. ಹಾಗಾಗಿ ಪುಡಿ ಬೆರೆಸಿ ನೀರನ್ನು ದಪ್ಪ ಮಾಡಿ ಕೊಡುತ್ತಾರೆ. ಎಷ್ಟು ದಪ್ಪ ಅನ್ನುವುದಕ್ಕೆ ಈಗ ಬೇರೆ ಬೇರೆ ದೇಶಗಳು ಒಪ್ಪಿದ ಅಳತೆ ಇದೆ, ಐಡಿಡಿಎಸ್ಐ ಅಂತ. ಕುಡಿಯುವುದು, ತಿನ್ನುವುದು ಎರಡೂ ಸೇರಿ 0ರಿಂದ 7ರವರೆಗೆ ಹಂತಗಳು. ಅಳೆಯಲು ಬೇಕಾದದ್ದು ಒಂದು ಸಿರಿಂಜ್ ಮಾತ್ರ. 10 ಎಂಎಲ್ ತುಂಬಿ, ಕೆಳಗಿನ ತೂತು ಬಿಟ್ಟು, 10 ಸೆಕೆಂಡ್ ಆದ ಮೇಲೆ ಬೆರಳಿನಿಂದ ಮುಚ್ಚಿ ನೋಡಬೇಕು. 1 ಎಂಎಲ್‌ಗಿಂತ ಕಡಿಮೆ ಉಳಿದಿದ್ದರೆ ಅದು ಸಾದಾ ನೀರು, 0ನೇ ಹಂತ. 1ರಿಂದ 4 ಉಳಿದರೆ 1ನೇ ಹಂತ, 4ರಿಂದ 8 ಉಳಿದರೆ 2ನೇ ಹಂತ. ಅಪ್ಪನಿಗೆ ಹೇಳಿದ್ದು 2ನೇ ಹಂತ. ಅಡುಗೆಮನೆಯಲ್ಲಿ ಅಮ್ಮ ಸಿರಿಂಜ್ ಹಿಡಿದು ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದಳು. ಈ ಪರೀಕ್ಷೆ ಕಂಡುಹಿಡಿದವರ ಬಗ್ಗೆ ನನಗೆ ತುಂಬಾ ಗೌರವ. ದೊಡ್ಡ ಯಂತ್ರ ಬೇಡ, ಓದು ಬೇಡ, ಯಾರ ಮನೆಯಲ್ಲಾದರೂ ಮಾಡಬಹುದು.

'ತಾನ್'

ಅಪ್ಪನಿಗೆ ಮೊದಲ ವಾರಗಳಲ್ಲಿ ಬರುತ್ತಿದ್ದದ್ದು 'ಅದು' ಅನ್ನುವ ಒಂದೇ ಪದ. ಬೇಕು ಅನ್ನುವುದಕ್ಕೂ ಅದು, ಬೇಡ ಅನ್ನುವುದಕ್ಕೂ ಅದು. ಆದರೆ ಏರಿಳಿತ ಇತ್ತು. ಕೋಪದ 'ಅದು' ಬೇರೆ, ಸಮಾಧಾನದ 'ಅದು' ಬೇರೆ.

ಆಗ ನಾನು ಲೆಬೋರ್ನ್ ಅನ್ನುವವನ ಬಗ್ಗೆ ಓದಿದೆ. ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ 20ಕ್ಕೂ ಹೆಚ್ಚು ವರ್ಷ ಇದ್ದವನು. ಮಾತು ಹೋದಾಗ ವಯಸ್ಸು ಸುಮಾರು 30. ಏನು ಕೇಳಿದರೂ 'ತಾನ್ ತಾನ್' ಅನ್ನುತ್ತಿದ್ದ. ಸಿಟ್ಟು ಬಂದರೆ ಮಾತ್ರ ಒಂದು ಬೈಗುಳ ಹೊರಡುತ್ತಿತ್ತು. ಆಸ್ಪತ್ರೆಯಲ್ಲಿ ಅವನನ್ನು ಕರೆಯುತ್ತಿದ್ದದ್ದೂ ತಾನ್ ಅಂತಲೇ. 1861ರಲ್ಲಿ ಪಾಲ್ ಬ್ರೋಕಾ ಅನ್ನುವ ವೈದ್ಯ ಅವನನ್ನು ನೋಡಿದ. ಕೆಲವೇ ದಿನಗಳಲ್ಲಿ ಲೆಬೋರ್ನ್ ತೀರಿಕೊಂಡ. ತಲೆ ತೆರೆದು ಮಿದುಳು ನೋಡಿದಾಗ ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯ ಇತ್ತು. ಮಾತಿಗೆ ಮಿದುಳಿನಲ್ಲಿ ಜಾಗ ಇದೆ ಅನ್ನುವ ವಾದಕ್ಕೆ ಅದು ಬಲ ಕೊಟ್ಟಿತು. ಆ ಭಾಗಕ್ಕೆ ಇವತ್ತೂ ಬ್ರೋಕಾನ ಹೆಸರೇ ಇದೆ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಅಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಅರ್ಥ ಇರುವುದಿಲ್ಲ, ಬೇರೆಯವರು ಹೇಳಿದ್ದೂ ಸರಿಯಾಗಿ ತಲುಪುವುದಿಲ್ಲ. ವೈದ್ಯರಿಗೆ ಇದೆಲ್ಲ ದೊಡ್ಡ ಚರಿತ್ರೆ. ನನ್ನನ್ನು ಕಾಡಿದ್ದು ಬೇರೆ. ಲೆಬೋರ್ನ್‌ಗೆ ಬೇರೆಯವರ ಮಾತು ಬಹುಪಾಲು ತಿಳಿಯುತ್ತಿತ್ತು ಅಂತ ಬ್ರೋಕಾನೇ ಬರೆದಿಟ್ಟಿದ್ದಾನೆ. ಅಂದರೆ ಆ ಅಷ್ಟೂ ವರ್ಷ ಸುತ್ತಲಿನವರು ಹೇಳಿದ್ದು ಅವನಿಗೆ ಗೊತ್ತಾಗುತ್ತಿತ್ತು. ತನ್ನ ಬಗ್ಗೆ ಹೇಳಿದ್ದು ಕೂಡ. ಅವನ ಪಕ್ಕ ಕೂತು 'ಏನು ಹೇಳ್ತಿದ್ದೀಯ?' ಅಂತ ಸಮಾಧಾನವಾಗಿ ಕೇಳಿದವರು ಯಾರಾದರೂ ಇದ್ದರಾ?

ಅಪ್ಪನ ಪಕ್ಕ ಹಾಗೆ ಕೂತವರನ್ನು ನಾನು ನೋಡಿದೆ. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಪ್ಪ 'ಪೆನ್ನು, ಪೆನ್ನು' ಅನ್ನತೊಡಗಿದರು. ಹೊಸ ಪದ ಬಂತು ಅಂತ ನಮಗೆ ಸಂಭ್ರಮ. ಅಮ್ಮ ಪೆನ್ನು ಕೊಟ್ಟಳು. ಅಪ್ಪ ತಳ್ಳಿದರು. ನೀಲಿ ಪೆನ್ನು ತಂದರು, ಕೆಂಪು ತಂದರು, ಕಾಗದವೂ ತಂದರು. ಅಪ್ಪನ ದನಿ ಏರುತ್ತಾ ಹೋಯಿತು, ಕಣ್ಣು ಕೆಂಪಾಯಿತು. ಅಷ್ಟರಲ್ಲಿ ಥೆರಪಿಸ್ಟ್ ಬಂದರು. ಎಲ್ಲರನ್ನೂ ಸ್ವಲ್ಪ ಹಿಂದೆ ಕೂರಲು ಹೇಳಿ, ಟಿವಿ ಆಫ್ ಮಾಡಿಸಿ, ಅಪ್ಪನ ಎದುರಿಗೆ ಕೂತರು. 'ಸರ್, ನಿಮಗೆ ಏನು ಬೇಕು ಅಂತ ನಿಮಗೆ ಗೊತ್ತಿದೆ. ನಮಗೆ ತಿಳೀತಿಲ್ಲ, ಅಷ್ಟೇ. ನಿಧಾನವಾಗಿ ಹುಡುಕೋಣ' ಅಂದರು. ಆ ಮಾತಿಗೇ ಅಪ್ಪನ ಭುಜ ಇಳಿಯಿತು. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ 'ಬರೆಯೋದು', ಅದರ ಕೆಳಗೆ 'ಓದೋದು' ಅಂತ ಬರೆದು ಮುಂದೆ ಹಿಡಿದರು. ಅಪ್ಪ ತುಂಬಾ ಹೊತ್ತು ನೋಡಿದರು. ಅವರು ಸುಮ್ಮನೆ ಕಾದರು. ಅಪ್ಪ 'ಓದೋದು' ಮೇಲೆ ಬೆರಳಿಟ್ಟರು. 'ಪುಸ್ತಕವಾ? ಪೇಪರಾ?' ಎರಡಕ್ಕೂ ತಲೆ ಅಡ್ಡ ಆಡಿತು. 'ಕನ್ನಡಕ?' ಅಪ್ಪ ಎರಡೂ ಕೈ ಎತ್ತಿ ಕಣ್ಣಿನ ಹತ್ತಿರ ತಂದರು.

ಬೇಕಾದದ್ದು ಕನ್ನಡಕ, ಬಾಯಿಗೆ ಬಂದದ್ದು ಪೆನ್ನು. ಎರಡೂ ಒಂದೇ ಮೇಜಿನ ವಸ್ತುಗಳು. ಅಫೇಸಿಯಾದಲ್ಲಿ ಹೀಗೆ ಹತ್ತಿರದ ಪದವೊಂದು ಅಡ್ಡ ಬರುವುದು ಸಾಮಾನ್ಯವಂತೆ. ಅಂದರೆ ತಪ್ಪು ಪದದಲ್ಲೂ ಸುಳಿವು ಇರುತ್ತದೆ. ಅದನ್ನು ಹಿಡಿದು ಹೋಗುವ ಕ್ರಮ ಮನೆಯವರೂ ಕಲಿಯಬಹುದು. ಒಂದು ಸಲಕ್ಕೆ ಒಬ್ಬರೇ ಮಾತಾಡುವುದು. ಹೌದು ಅಲ್ಲ ಅನ್ನುವಂಥ ಪ್ರಶ್ನೆ ಕೇಳುವುದು. ಆಯ್ಕೆಗಳನ್ನು ಬರೆದು ತೋರಿಸುವುದು. ತಿಳಿದದ್ದನ್ನು ಮತ್ತೆ ಹೇಳಿ 'ಇದೇನಾ?' ಅಂತ ಖಚಿತ ಮಾಡಿಕೊಳ್ಳುವುದು. ಕೆನಡಾದ ಟೊರಾಂಟೊದಲ್ಲಿ ಆರಾ ಕೇಗನ್ ಅನ್ನುವ ತಜ್ಞೆ ಇದನ್ನೊಂದು ವಿಧಾನವಾಗಿಯೇ ಬೆಳೆಸಿದ್ದಾರೆ. ಅದರಲ್ಲಿ ತರಬೇತಿ ಪಡೆಯುವುದು ಎದುರಿಗೆ ಕೂತವರು. ಈ ಯೋಚನೆ ನನಗೆ ಬಹಳ ಹಿಡಿಸಿತು. ಅಫೇಸಿಯಾ ಇರುವವರ ಬುದ್ಧಿ ಎಲ್ಲೂ ಹೋಗಿರುವುದಿಲ್ಲ. ಅದನ್ನು ಕಾಣಲು ಎದುರಿನವರು ಸ್ವಲ್ಪ ದುಡಿಯಬೇಕು.

ಇನ್ನೊಂದು ವಿಚಿತ್ರ. ಅಮ್ಮನ ಹೆಸರು ಹೇಳಲು ಒದ್ದಾಡುತ್ತಿದ್ದ ಅಪ್ಪ 1ರಿಂದ 10ರವರೆಗೆ ಗಡಗಡ ಎಣಿಸುತ್ತಿದ್ದರು. ಚಿಕ್ಕಂದಿನಲ್ಲಿ ಕಲಿತ ಹಾಡೊಂದನ್ನು ಪದಗಳ ಸಮೇತ ಹಾಡಿಬಿಟ್ಟರು. ಬಂದು ನೋಡಿದವರು 'ಹಾಡೋಕೆ ಬರುತ್ತೆ, ಮಾತಾಡೋಕೆ ಮನಸ್ಸು ಮಾಡ್ತಿಲ್ಲ' ಅಂದರು. ಹಾಗಲ್ಲ. ಬಾಯಿಪಾಠವಾದದ್ದು, ರಾಗದಲ್ಲಿ ಕೂತದ್ದು ಹೊರಬರುವ ದಾರಿಯೇ ಬೇರೆ. ಪದ ಹುಡುಕಿ ಹೊಸ ವಾಕ್ಯ ಕಟ್ಟುವ ದಾರಿ ಬೇರೆ. ಲೆಬೋರ್ನ್‌ನ ಬೈಗುಳವೂ ಇಂಥದ್ದೇ. 1973ರಲ್ಲಿ ಅಮೆರಿಕದ ಸಂಶೋಧಕರು ಈ ರಾಗವನ್ನೇ ಏಣಿ ಮಾಡಿಕೊಂಡು ಒಂದು ಚಿಕಿತ್ಸೆ ರೂಪಿಸಿದರು. ಬೇಕಾದ ವಾಕ್ಯವನ್ನು ಎಳೆದು ಹಾಡುವುದು, ಎಡಗೈಯಿಂದ ತಾಳ ಹಾಕುವುದು, ಬರಬರುತ್ತಾ ರಾಗ ಕಡಿಮೆ ಮಾಡಿ ಮಾತಿಗೆ ಇಳಿಸುವುದು. ಎಲ್ಲರಿಗೂ ಇದು ಒಗ್ಗುವುದಿಲ್ಲ. ಅಪ್ಪನಿಗೆ 'ನೀರು ಬೇಕು' ಅನ್ನುವುದು ಹೀಗೇ ಬಂತು. ಇವತ್ತಿಗೂ ಅದನ್ನು ಹೇಳುವಾಗ ಸಣ್ಣ ರಾಗ ಇದೆ.

ಮುಚ್ಚಿದ ಗುಳ್ಳೆ ಡಬ್ಬಿ

ತಂಗಿಯ ಮಗನ ವಿಷಯ ಬೇರೆ. ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಹೇಳುತ್ತಾರೆ, ಎರಡು ತುಂಬುವಾಗ ಎರಡೆರಡು ಪದ ಸೇರಿಸುತ್ತಾರೆ. ಇವನಿಗೆ ಎರಡು ತುಂಬಿದಾಗ ಇದ್ದದ್ದು ಬೆರಳೆಣಿಕೆಯ ಪದ. 'ಕೆಲವು ಮಕ್ಕಳು ತಡ, ಕಾಯಿರಿ' ಅಂದವರೇ ಎಲ್ಲ. ಕೆಲವು ಮಕ್ಕಳು ತಡ ಅನ್ನುವುದು ನಿಜ, ಎಷ್ಟೋ ಮಕ್ಕಳು ತಾವಾಗಿ ಸರಿಹೋಗುತ್ತಾರೆ. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದಕ್ಕೆ ನೆರವು ಬೇಕು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ, ಅಲ್ವಾ? ತಂಗಿ ಕಾಯಲಿಲ್ಲ. ಮೊದಲು ಮಾಡಿಸಿದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗುವಿಗೆ ಮಾತು ಕಲಿಯುವುದು ಕಷ್ಟ. ಜೋರು ಸದ್ದಿಗೆ ತಿರುಗಿ ನೋಡಿದ ಮಾತ್ರಕ್ಕೆ ಕಿವಿ ಪೂರ್ತಿ ಸರಿ ಇದೆ ಅಂತಲೂ ಅಲ್ಲ. ಇವನ ಕಿವಿ ಸರಿಯಿತ್ತು. ಮನೆಯಲ್ಲಿ ಎರಡು ಭಾಷೆ ಇರುವುದಕ್ಕೇ ಹೀಗೆ ಅಂದವರೂ ಇದ್ದರು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಈ ಮಾತು ನಂಬಿ ಮಗುವಿನ ಜೊತೆ ತಮ್ಮ ಭಾಷೆಯನ್ನೇ ಬಿಟ್ಟ ಅಪ್ಪ ಅಮ್ಮಂದಿರನ್ನು ನೆನೆದರೆ ಸಂಕಟ ಆಗುತ್ತದೆ.

ಮಗುವಿನ ಥೆರಪಿಯನ್ನು ನಾನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ನೆಲದ ಮೇಲೆ ಚಾಪೆ. ಥೆರಪಿಸ್ಟ್ ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೂತು ಸೋಪಿನ ಗುಳ್ಳೆ ಊದಿದರು. ಅವನು ಕುಣಿದು ಒಡೆದ. ಮತ್ತೆ ಊದಿದರು, ಮತ್ತೆ ಒಡೆದ. ಆಮೇಲೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಅವನ ಕೈಗೇ ಕೊಟ್ಟುಬಿಟ್ಟರು. ಮುಖದಲ್ಲಿ ನಗು, ಹುಬ್ಬು ಮೇಲೆ, ಬಾಯಲ್ಲಿ ಮಾತಿಲ್ಲ. ಅವನು ಮುಚ್ಚಳ ತಿರುಗಿಸಿದ, ಕಚ್ಚಿದ, ಬರಲಿಲ್ಲ. ನಮ್ಮ ಕಡೆ ನೋಡಿದ. ತಂಗಿಯ ತುಟಿ ಅಲುಗಿತು, 'ತೆಗಿ ಅನ್ನು ಪುಟ್ಟ' ಅನ್ನಲು ಹೊರಟಿದ್ದಳು. ಥೆರಪಿಸ್ಟ್ ಕಣ್ಣಿನಲ್ಲೇ ಬೇಡ ಅಂದರು. ಕೋಣೆಯಲ್ಲಿ ಎಲ್ಲರೂ ಸುಮ್ಮನೆ. ಅವನು ಡಬ್ಬಿಯನ್ನು ಅವರ ಮಡಿಲಿಗೆ ಹಾಕಿ, ಅವರ ಕೈ ಹಿಡಿದು ಅದರ ಮೇಲಿಟ್ಟು, ಮುಖ ನೋಡಿ 'ತೆ' ಅಂದ. 'ತೆಗಿ! ತೆಗೀತೀನಿ!' ಅಂತ ಅವರು ತಕ್ಷಣ ಮುಚ್ಚಳ ತೆಗೆದು ಗುಳ್ಳೆ ಊದಿದರು.

ಆಮೇಲೆ ಅವರು ತಂಗಿಗೆ ವಿವರಿಸಿದ್ದು 'ತೆ' ಅನ್ನುವ ಸದ್ದಿನ ಬಗ್ಗೆ ಅಲ್ಲ. 'ಡಬ್ಬಿ ತಂದು ಕೊಟ್ಟ, ಕೈ ಹಿಡಿದ, ಮುಖ ನೋಡಿದ. ಈ ಮೂರೂ ಮಾತೇ. ಸದ್ದು ನಾಲ್ಕನೇದು. ಮೂರಕ್ಕೂ ನೀವು ಉತ್ತರ ಕೊಡಬೇಕು' ಅಂದರು. ಹೇಳಿಕೊಟ್ಟ ಇತರ ವಿಷಯಗಳೂ ಹೀಗೇ ಸರಳ. 'ಇದೇನು, ಅದೇನು' ಅಂತ ಪರೀಕ್ಷೆ ಮಾಡುವುದು ಕಡಿಮೆ ಮಾಡಿ. ಅವನು ನೋಡುತ್ತಿರುವುದರ ಬಗ್ಗೆ ನೀವೇ ಹೇಳಿ. ಅವನು 'ಚೆಂಡು' ಅಂದರೆ ನೀವು 'ಕೆಂಪು ಚೆಂಡು' ಅನ್ನಿ. ಸನ್ನೆ, ಚಿತ್ರದ ಕಾರ್ಡ್ ಎಲ್ಲ ಬಳಸಿ. ಸನ್ನೆ ಕಲಿಸಿದರೆ ಮಗು ಮಾತೇ ಆಡುವುದಿಲ್ಲ ಅಂತ ತಂಗಿಗೆ ಭಯ ಇತ್ತು. ಈ ಭಯ ಬಹಳ ಜನರಿಗಿದೆ. ಚಿತ್ರ, ಸನ್ನೆ, ಮಾತಾಡುವ ಸಾಧನ ಇವು ಮಾತನ್ನು ತಡೆಯುವುದಿಲ್ಲ, ಎಷ್ಟೋ ಮಕ್ಕಳಲ್ಲಿ ಮಾತು ಹೆಚ್ಚಾಗುತ್ತದೆ ಅಂತಲೇ ಅಧ್ಯಯನಗಳು ತೋರಿಸಿವೆ. ಮಾತು ಎಂದೂ ಪೂರ್ತಿ ಬಾರದ ಮಕ್ಕಳಿಗಂತೂ ಅವೇ ಆಸರೆ. ಅವು ಕೈಯಲ್ಲಿರುವ ಮಗು ಹಟ ಮಾಡುವುದು ಕಡಿಮೆಯಾಗುತ್ತದೆ, ಯಾಕೆಂದರೆ ಅದರ ಬೇಡಿಕೆ ಯಾರಿಗೋ ತಲುಪಿರುತ್ತದೆ.

ಮಕ್ಕಳಲ್ಲೂ ನುಂಗುವ ತೊಂದರೆ ಇದೆ ಅನ್ನುವುದನ್ನು ಇಲ್ಲೇ ಹೇಳಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರ ಆದ ಮೇಲೆ. ಅಲ್ಲಿಯವರೆಗೆ ಎಷ್ಟೋ ಕೂಸುಗಳು ಕೊಳವೆಯ ಹಾಲಿನಲ್ಲೇ ಬೆಳೆಯುತ್ತವೆ. ಸೀಳಂಗುಳ ಇರುವ ಮಕ್ಕಳಿಗೆ, ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಪ್ರತಿ ಊಟವೂ ಒಂದು ಹೋರಾಟ. ಆ ತಾಯಂದಿರು ದಿನದ ಎಷ್ಟು ಗಂಟೆ ಚಮಚ ಹಿಡಿದು ಕೂರುತ್ತಾರೆ ಅನ್ನುವುದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಕೇಳುವವರ ಪಾಲು

ಉಗ್ಗಿನ ಬಗ್ಗೆ ಬರೆದರೆ ಅದೇ ಒಂದು ಬರಹ ಆಗುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ. ಸುಮಾರು ನೂರರಲ್ಲಿ 5 ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ದೊಡ್ಡವರಲ್ಲಿ ಅದು ನೂರಕ್ಕೆ 1ರಷ್ಟು. ಶುರುವಾಗುವುದು ಹೆಚ್ಚಾಗಿ 2ರಿಂದ 5 ವರ್ಷದೊಳಗೆ. ಅಪ್ಪ ಅಮ್ಮ ಬೈದದ್ದರಿಂದ ಉಗ್ಗು ಬರುವುದಿಲ್ಲ. ಅದರಲ್ಲಿ ವಂಶದ ಪಾಲಿದೆ, ಮಿದುಳು ಮಾತನ್ನು ನಡೆಸುವ ಬಗೆಯ ಪಾಲಿದೆ. ಆದರೆ 'ನಿಧಾನ ಮಾತಾಡು', 'ಉಸಿರು ತಗೊಂಡು ಹೇಳು' ಅಂತ ನಡುವೆ ತಡೆಯುವುದರಿಂದ, ಅವರ ಪದವನ್ನು ನಾವೇ ಹೇಳಿ ಮುಗಿಸುವುದರಿಂದ ಆ ಮಗು ಬಾಯಿ ತೆಗೆಯಲೇ ಹೆದರುವ ಹಾಗೆ ಆಗಬಹುದು. ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಉಗ್ಗುತ್ತಿದ್ದರು. 1926ರಿಂದ ಆಸ್ಟ್ರೇಲಿಯಾದ ಮಾತಿನ ತರಬೇತುದಾರ ಲಯನಲ್ ಲೋಗ್ ಅವರ ಹತ್ತಿರ ಅಭ್ಯಾಸ ಮಾಡಿದರು. ಉಗ್ಗು ಪೂರ್ತಿ ಹೋಗಲಿಲ್ಲ. ದೇಶದ ಮುಂದೆ ಮಾತಾಡಿದರು. ಎರಡೂ ನಿಜ.

ಪಾರ್ಕಿನ್ಸನ್ ಕಾಯಿಲೆ ಇರುವವರದು ಇನ್ನೊಂದು ಬಗೆ. ದನಿ ಕುಗ್ಗುತ್ತಾ ಹೋಗುತ್ತದೆ, ಆದರೆ ಅವರ ಕಿವಿಗೆ ಅದು ಸರಿಯಾಗಿಯೇ ಕೇಳುತ್ತದೆ. 'ಸ್ವಲ್ಪ ಜೋರಾಗಿ' ಅಂದರೆ 'ನಾನೇನು ಕಿರುಚಬೇಕಾ?' ಅನ್ನುತ್ತಾರೆ. ಅವರಿಗೆ ವಾರಕ್ಕೆ 4 ಸಲದಂತೆ 4 ವಾರ, ಒಟ್ಟು 16 ಸಲ ಬಿಡದೆ ಅಭ್ಯಾಸ ಮಾಡಿಸುವ ಒಂದು ಪದ್ಧತಿ ಇದೆ. 1980ರ ದಶಕದಲ್ಲಿ ಶುರುವಾದದ್ದು. ಇಡೀ ಅಭ್ಯಾಸದ ಗುರಿ ಒಂದೇ, ಜೋರು ದನಿ. ತಮಗೆ ಕಿರುಚಿದಂತೆ ಅನ್ನಿಸುವ ದನಿಯೇ ಬೇರೆಯವರಿಗೆ ಸರಿಯಾದ ದನಿ ಅಂತ ಮೈಗೆ ಒಗ್ಗಿಸುವುದು.

ದಪ್ಪ ನೀರು, ಸಾದಾ ನೀರು

ಅಪ್ಪನಿಗೆ ದಪ್ಪ ನೀರು ಕಂಡರೆ ಆಗುತ್ತಿರಲಿಲ್ಲ. ಮೊದಮೊದಲು ಕುಡಿದರು, ಆಮೇಲೆ ಲೋಟ ತಳ್ಳತೊಡಗಿದರು. ಬಾಯಿ ಒಣಗಿದರೂ ಬೇಡ. ಹೀಗಾಗುವುದು ತುಂಬಾ ಸಾಮಾನ್ಯ, ದಪ್ಪ ನೀರು ಕೊಟ್ಟವರಲ್ಲಿ ಮೈಯ ನೀರಿನಂಶ ಕಡಿಮೆಯಾಗುವ ಅಪಾಯ ಇದ್ದೇ ಇದೆ. ಅಲ್ಲದೆ ದಪ್ಪ ಮಾಡಿದರೆ ನೀರು ಶ್ವಾಸನಾಳಕ್ಕೆ ಜಾರುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಾಕ್ಷ್ಯ ಇದೆ. ಅದರಿಂದ ನ್ಯುಮೋನಿಯಾ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಸಾಕ್ಷ್ಯ ಇಲ್ಲ. ಈ ಎರಡರ ನಡುವಿನ ಅಂತರ ದೊಡ್ಡದು. ಅಮೆರಿಕದ ಕೆಂಟಕಿಯ ಫ್ರೇಜಿಯರ್ ಪುನರ್ವಸತಿ ಕೇಂದ್ರದಲ್ಲಿ 1980ರ ದಶಕದಲ್ಲೇ ಬೇರೆ ದಾರಿ ಹಿಡಿದರು. ಊಟದ ಜೊತೆ ದಪ್ಪ ಪಾನೀಯ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ, ಬಾಯಿ ಚೆನ್ನಾಗಿ ತೊಳೆದು, ಸಾದಾ ನೀರು. ಶುದ್ಧ ನೀರು ಸ್ವಲ್ಪ ಶ್ವಾಸಕೋಶಕ್ಕೆ ಇಳಿದರೂ ದೇಹ ಅದನ್ನು ಹೀರಿಕೊಳ್ಳಬಲ್ಲದು. ಅಪಾಯ ಜಾಸ್ತಿ ಇರುವುದು ಅದರ ಜೊತೆ ಹೋಗುವ ಊಟದ ಚೂರು, ಬಾಯಿಯ ಬ್ಯಾಕ್ಟೀರಿಯಾಗಳಿಂದ. ಹಾಗಾಗಿಯೇ ಬಾಯಿ ಸ್ವಚ್ಛತೆಗೆ ಅಷ್ಟು ಒತ್ತು. ಇದು ಎಲ್ಲರಿಗೂ ಹೊಂದುವುದಿಲ್ಲ. ಪರೀಕ್ಷೆ ಮಾಡಿದವರು ಒಪ್ಪದೆ ಯಾರೂ ಮನೆಯಲ್ಲಿ ತಾವೇ ಶುರು ಮಾಡಬಾರದು.

ನಮ್ಮ ಥೆರಪಿಸ್ಟ್ ಈ ವಿಷಯ ಎತ್ತಿದಾಗ ನಾವೆಲ್ಲ ಒಟ್ಟಿಗೆ ಮಾತಾಡತೊಡಗಿದೆವು. ಅಮ್ಮ ಬೇಡವೇ ಬೇಡ ಅಂದಳು. ತಂಗಿ ಕೊಡೋಣ ಅಂದಳು. ಥೆರಪಿಸ್ಟ್ ನಮ್ಮ ಮಾತು ಕೇಳಿಸಿಕೊಂಡು, ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತರು. ಗಂಟಲಿನ ಚಿತ್ರ ಬರೆದರು. ಎರಡು ದಾರಿ, ಎರಡು ಬಾಣ. ತಪ್ಪು ದಾರಿಗೆ ಹೋದರೆ ಏನಾಗುತ್ತೆ ಅಂತ ಎದೆ ಮುಟ್ಟಿ, ಕೆಮ್ಮಿ ತೋರಿಸಿ, ಪಕ್ಕದಲ್ಲಿ 'ಜ್ವರ, ಆಸ್ಪತ್ರೆ' ಅಂತ ಬರೆದರು. ಕೆಳಗೆ ಎರಡು ಸಾಲು. 'ದಪ್ಪ ನೀರು ಮಾತ್ರ.' 'ಬಾಯಿ ತೊಳೆದು, ಊಟ ಆದ ಅರ್ಧ ಗಂಟೆ ಮೇಲೆ, ಸಾದಾ ನೀರು, ಸ್ವಲ್ಪ ಅಪಾಯ ಇದೆ.' ಕಾಗದ ಮುಂದಿಟ್ಟು ಕಾದರು. ಅಪ್ಪ ಚಿತ್ರವನ್ನು ನೋಡಿದರು, ಅಮ್ಮನನ್ನು ನೋಡಿದರು, ಎರಡನೇ ಸಾಲಿನ ಮೇಲೆ ಬೆರಳಿಟ್ಟರು. ಖಾತ್ರಿಗೆ ಅಂತ ಅವರು ಸಾಲುಗಳನ್ನು ಮೇಲೆ ಕೆಳಗೆ ಮಾಡಿ ಬೇರೆ ಕಾಗದದಲ್ಲಿ ಬರೆದು ಮತ್ತೆ ಕೇಳಿದರು. ಬೆರಳು ಅದೇ ಮಾತಿನ ಮೇಲೆ ಹೋಯಿತು. ಅಮ್ಮ ಆಮೇಲೆ ವಾದ ಮಾಡಲಿಲ್ಲ.

ಈಗ ಊಟದ ನಂತರ ಅಮ್ಮ ಬ್ರಷ್ ಕೊಡುತ್ತಾಳೆ, ಅರ್ಧ ಗಂಟೆ ಬಿಟ್ಟು ಸಣ್ಣ ಲೋಟದಲ್ಲಿ ನೀರು. ಅಪ್ಪ ಗದ್ದ ಎದೆಯ ಕಡೆ ಬಾಗಿಸಿ ಒಂದೊಂದೇ ಗುಟುಕು ಕುಡಿಯುತ್ತಾರೆ, ವಿಡಿಯೋದಲ್ಲಿ ಹಾಗೆ ಕುಡಿದಾಗ ಸರಿಹೋಗಿದ್ದು ನೋಡಿಯೇ ಹೇಳಿಕೊಟ್ಟ ಕ್ರಮ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸುವ ಹಾಗಿಲ್ಲ. ಜ್ವರ, ಕಫ, ಒದ್ದೆ ದನಿ ಕಂಡರೆ ನಿಲ್ಲಿಸಿ ಫೋನ್ ಮಾಡಬೇಕು ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದೆ. ಮುಂದಿನ ಅಭ್ಯಾಸ ಫೋನಿನದಂತೆ. ಫೋನಿನಲ್ಲಿ ಬೆರಳು ತೋರಿಸಲು ಆಗುವುದಿಲ್ಲ, ಕಾಗದ ಇಲ್ಲ, ಎದುರಿನವರ ಮುಖ ಇಲ್ಲ, ಹಾಗಾಗಿ ಅದು ಎಲ್ಲಕ್ಕಿಂತ ಕಷ್ಟ. ಮೊದಲು ವಿಡಿಯೋ ಕಾಲ್‌ನಿಂದ ಶುರು ಮಾಡೋಣ, ಇಬ್ಬರು ಮೂವರು ಹತ್ತಿರದವರನ್ನು ಆರಿಸಿಕೊಳ್ಳಿ ಅಂದಿದ್ದಾರೆ. ಯಾರು ಯಾರು ಅಂತ ಅಪ್ಪನನ್ನೇ ಕೇಳಿದೆವು. ಫೋಟೋಗಳನ್ನು ಹರಡಿಟ್ಟು ಅವರೇ ಆರಿಸುತ್ತಿದ್ದಾರೆ.